ಮುಚ್ಚಿದ ಗ್ಯಾರೇಜಿನ ಮಣ್ಣು

ಮಳೆ ಹನಿದು ನಿಂತ ಮೇಲೆ ಲಾರಿಗಳು ತಂಗುವ ಎಡೆಗಳಲ್ಲಿ, ಹೊಂಡದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ತೇಲುವುದನ್ನು ಯಾರು ತಾನೆ ನೋಡಿಲ್ಲ? ಆ ಬಣ್ಣಗಳಿಗೆ ಕಾರಣ ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ. ಪೊರೆಯ ಮೇಲ್ಭಾಗದಿಂದಲೂ ಅಡಿಭಾಗದಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಕೂಡಿದಾಗ ಕೆಲವು ಬಣ್ಣಗಳು ಬಲಗೊಂಡು ಕೆಲವು ಅಳಿಯುತ್ತವೆ. ಹೀಗೆ ಬಣ್ಣ ಮೂಡಲು ಪೊರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು ದಪ್ಪವಿದ್ದರೆ ಸಾಕು. ಒಂದು ಲೀಟರು ಎಣ್ಣೆ ಅಷ್ಟು ತೆಳ್ಳಗೆ ಹರಡಿತೆಂದರೆ ಸುಮಾರು 3,300 ಚದರ ಮೀಟರನ್ನು, ಎಂದರೆ ಮುಕ್ಕಾಲು ಎಕರೆಗೂ ಮಿಕ್ಕಿದ ನೀರನ್ನು, ಮುಚ್ಚಬಲ್ಲುದು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪ್‌ಹ್ಯಾಮ್ ಎಂಬಲ್ಲಿಯ ಕೊಳವೊಂದಕ್ಕೆ ಒಂದು ಚಹಾ ಚಮಚದಷ್ಟು ಎಣ್ಣೆ ಸುರಿದನು. ಅದು ಅರ್ಧ ಎಕರೆಯವರೆಗೆ ಹಬ್ಬಿ ಅಲೆಗಳನ್ನು ಶಾಂತಗೊಳಿಸಿದ ಸಂಗತಿಯನ್ನು ಆತನು 1774ರಲ್ಲಿ ಪ್ರಕಟಿಸಿದನು. ಎಣ್ಣೆ ಎಷ್ಟು ದೂರ ಹೋಗಬಲ್ಲುದೆಂಬುದನ್ನು ಆ ಚಮಚವೇ ತೋರಿಸಿತು. ಚಮಚದ ಬದಲು ಪೀಪಾಯಿ ಇದ್ದರೆ, ಕೊಳದ ಬದಲು ಬೆಟ್ಟದ ಇಳಿಜಾರು ಇದ್ದರೆ ಏನಾದೀತು? ಇದೇ ಈ ಲೇಖನದ ವಿಷಯ.

ಹೆಗ್ಗದ್ದೆಯ ದಾರಿಯಲ್ಲಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಹಾಸನ ಜಿಲ್ಲೆಯ ಸಕಲೇಶಪುರವನ್ನು ಕಳೆದು, ಹೆಗ್ಗದ್ದೆಯ ಬಳಿ ಹಾದು, ಶಿರಾಡಿ ಘಟ್ಟವನ್ನು ಇಳಿಯುತ್ತದೆ. ಘಟ್ಟ ಹತ್ತಿ ಬರುವ ಲಾರಿಗಳ ಇಂಜಿನ್ ಕಾಯುತ್ತದೆ; ಇಳಿದು ಹೋಗುವ ಲಾರಿಗಳ ಬ್ರೇಕು ಸವೆಯುತ್ತದೆ. ಆದುದರಿಂದ ಇಂಥ ಮಾರ್ಗದ ಬದಿಯಲ್ಲಿ ಗ್ಯಾರೇಜುಗಳು ಹುಟ್ಟುವುದು ಸಹಜ. ಮಾರ್ಗ ಬದಲಾದಾಗ ಅವು ಮುಚ್ಚುವುದೂ ಅಷ್ಟೇ ಸಹಜ. ಕಾಂಕ್ರೀಟು ಹಾಕುವ ಸಲುವಾಗಿ 2015ರಲ್ಲಿಯೂ 2018ರಲ್ಲಿಯೂ ಈ ಘಟ್ಟದ ಸಂಚಾರವನ್ನು ತಿಂಗಳುಗಟ್ಟಲೆ ನಿಲ್ಲಿಸಲಾಗಿತ್ತು. ರಸ್ತೆ ಅಗಲವಾಗುತ್ತದೆ, ಗಿರಾಕಿಗಳು ಬೇರೆಡೆಗೆ ಹೋಗುತ್ತಾರೆ, ಬಾಗಿಲಿಗೆ ಬೀಗ ಬೀಳುತ್ತದೆ.

ಈ ಬೆಟ್ಟಗಳಿಗೆ ಒಂದು ವಿಶೇಷವುಂಟು. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಪೂರ್ವದ ನೀರು ಹೇಮಾವತಿಯನ್ನು ಕೂಡಿ ಗೊರೂರಿನ ಅಣೆಕಟ್ಟನ್ನು ದಾಟಿ ಕಾವೇರಿಗೆ ಸೇರುತ್ತದೆ. ಪಶ್ಚಿಮದ ನೀರು ಕೆಂಪುಹೊಳೆಯಂಥ ತೊರೆಗಳಲ್ಲಿ ಇಳಿದು ಕುಮಾರಧಾರೆಯನ್ನೂ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನೂ ಸೇರುತ್ತದೆ. ಇದೇ ತಾಲ್ಲೂಕಿನ ಪಶ್ಚಿಮದ ತೊರೆಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಹೀಗೆ ಇಲ್ಲಿಯ ಮಣ್ಣಿನ ಶುದ್ಧಿ ಇಲ್ಲಿಯವರಿಗೆ ಮಾತ್ರ ಸೇರಿದ ವಿಷಯವಲ್ಲ.

ಈಗ ಇಂಥ ಇಳಿಜಾರಿನಲ್ಲಿ ಪಾಳುಬಿದ್ದ ಗ್ಯಾರೇಜೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಹಿಂದೆ ಕಾಫಿತೋಟ, ಕೆಳಗೆ ಒಂದು ತೆರೆದ ಬಾವಿ, ಪಕ್ಕದಲ್ಲಿ ಶಾಲೆಗೆ ಹೋಗುವ ಕಾಲುದಾರಿ. ಒಳಗೆ ಏನಿರಬಹುದು?

ಬಿಟ್ಟುಹೋದ ಸರಕು

ಮೊದಲನೆಯದು ಬಳಸಿದ ಇಂಜಿನ್ ಆಯಿಲ್. ಹೊಸ ಎಣ್ಣೆಗಿಂತ ಇದು ಹೆಚ್ಚು ಕೆಟ್ಟದ್ದು. ಇಂಜಿನ್ನಿನ ಶಾಖದಲ್ಲಿ ಬೆಂದು, ಕ್ಯಾನ್ಸರನ್ನು ತರಬಲ್ಲ ಕೆಲವು ಸಂಯುಕ್ತಗಳನ್ನೂ, ಸವೆದ ಲೋಹಗಳ ಕಣಗಳನ್ನೂ ಅದು ತನ್ನಲ್ಲಿ ಸೇರಿಸಿಕೊಂಡಿರುತ್ತದೆ. ಎರಡನೆಯದು ಹಳೆಯ ಬ್ಯಾಟರಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ, ಉಳಿದುದರಲ್ಲಿ ಗಂಧಕಾಮ್ಲ. ಮೂರನೆಯದು ಬ್ರೇಕಿನ ಹಳೆಯ ಲೈನಿಂಗುಗಳ ಪುಡಿ. ಅದರಲ್ಲಿ ಆಸ್ಬೆಸ್ಟಾಸ್ ಇದ್ದರೆ ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದಲ್ಲಿ ನೆಲೆಸಿ, ಎಷ್ಟೋ ವರ್ಷಗಳ ಮೇಲೆ ರೋಗವಾಗಿ ಹೊರಬೀಳುತ್ತವೆ. ನಾಲ್ಕನೆಯದು ರೇಡಿಯೇಟರಿನ ಕೂಲೆಂಟ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ನೆಕ್ಕಿದ ನಾಯಿ ಸಾಯಬಹುದು. ಇವಲ್ಲದೆ ಪೇಂಟು, ತಿನ್ನರ್, ಡೀಸೆಲ್, ಸೀಮೆಎಣ್ಣೆ.

ಇವುಗಳಲ್ಲಿ ಸೀಸದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿಗೆ ಸೀಸ 0.01 ಮಿಲಿಗ್ರಾಂ ಮೀರಬಾರದು. ಎಂದರೆ ಒಂದೇ ಒಂದು ಗ್ರಾಂ ಸೀಸ ಪೂರ್ತಿಯಾಗಿ ಕರಗಿದರೆ ಒಂದು ಲಕ್ಷ ಲೀಟರು ನೀರನ್ನು ಆ ಮಿತಿಗೆ ತಂದು ನಿಲ್ಲಿಸೀತು. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿದ ಸೀಸವಿತ್ತು. 2000ನೆಯ ಇಸವಿಯಿಂದ ದೇಶದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಬ್ಯಾಟರಿಯ ಸೀಸ ಹಾಗೆಯೇ ಉಳಿಯಿತು. ಆಫ್ರಿಕದ ಸೆನೆಗಲ್ ದೇಶದ ಥಿಯಾರೊಯ್ ಎಂಬ ಊರಿನಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದ ಜಾಗದ ಮಣ್ಣನ್ನು ಜನರು ಕೈಯಾರೆ ಜರಡಿ ಹಿಡಿದು ಸೀಸ ಆಯ್ದರು. 2007ರ ಕೊನೆಯಿಂದ 2008ರ ಆರಂಭದವರೆಗಿನ ಕೆಲವೇ ತಿಂಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು. ಅವರನ್ನು ಕೊಂದದ್ದು ಅಂಗಳದ ಧೂಳು.

ಅಗೆಯುವ ಮೊದಲು ಅಳೆಯಬೇಕು

ಬೀಗ ಒಡೆದು, ಕಸ ಗುಡಿಸಿ, ನೆಲಕ್ಕೆ ನೀರು ಹೊಯ್ದು ತೊಳೆದರೆ ಶುದ್ಧವಾಗದೆ? ಆಗದು. ಗುಡಿಸಿದರೆ ಸೀಸವೂ ಆಸ್ಬೆಸ್ಟಾಸೂ ಗಾಳಿಗೆ ಏರುತ್ತವೆ. ತೊಳೆದರೆ ಎಣ್ಣೆ ಬಾವಿಗೆ ಇಳಿಯುತ್ತದೆ. ಸುಟ್ಟರೆ ವಿಷ ಹೊಗೆಯಾಗಿ ಊರಿನ ಮೇಲೆ ಬೀಳುತ್ತದೆ. ಕೊಳೆ ಹೋಯಿತೆಂದು ನಾವು ತಿಳಿಯುತ್ತೇವೆ. ಅದು ಜಾಗ ಬದಲಾಯಿಸಿರುತ್ತದೆ, ಅಷ್ಟೆ. ಆದುದರಿಂದ ಬಲ್ಲವರು ಮೊದಲು ಗುದ್ದಲಿ ಹಿಡಿಯುವುದಿಲ್ಲ, ಪುಸ್ತಕ ಹಿಡಿಯುತ್ತಾರೆ.

ಪರಿಶೀಲನೆಯ ಮೊದಲ ಮೆಟ್ಟಿಲು ನೆನಪು. ಅಲ್ಲಿ ದುಡಿದವರನ್ನು ವಿಚಾರಿಸಬೇಕು: ವಾಹನದಡಿ ಇಳಿಯುವ ಗುಂಡಿ ಎಲ್ಲಿತ್ತು? ಆಯಿಲ್ ಎಲ್ಲಿ ಸುರಿಯುತ್ತಿದ್ದರು? ಬ್ಯಾಟರಿ ಎಲ್ಲಿ ಇಡುತ್ತಿದ್ದರು? ಎರಡನೆಯದು ಕಣ್ಣು. ಕಪ್ಪು ಕಲೆ, ಹುಲ್ಲು ಬೆಳೆಯದ ನೆಲ, ತುಕ್ಕು ಹಿಡಿದ ಪೀಪಾಯಿ, ಮಳೆಯ ನೀರು ಹರಿದುಹೋಗುವ ದಾರಿ, ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು. ಮೂರನೆಯದು ಮಾದರಿ. ನೆಲವನ್ನು ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದಿಂದಲೂ ಮಣ್ಣು ತೆಗೆದು, ಪ್ರಯೋಗಶಾಲೆಗೆ ಕಳುಹಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೀಸ ಮಣ್ಣಿನ ಜೇಡಿಗೂ ಕಬ್ಬಿಣದ ಆಕ್ಸೈಡುಗಳಿಗೂ ಅಂಟಿಕೊಂಡು ಬಹುಮಟ್ಟಿಗೆ ಮೇಲಿನ ಕೆಲವು ಅಂಗುಲಗಳಲ್ಲಿಯೇ ನಿಲ್ಲುತ್ತದೆ. ಡೀಸೆಲ್, ತಿನ್ನರ್‌ಗಳಂಥ ದ್ರವಗಳಾದರೋ ಬಿರುಕುಗಳನ್ನು ಹಿಡಿದು ಆಳಕ್ಕೆ ಹೋಗುತ್ತವೆ. ಬರಿಯ ಆಳದ ಮಣ್ಣನ್ನು ನೋಡಿದವನು ಸೀಸವನ್ನು ಕಾಣಲಾರ. ಬರಿಯ ಮೇಲ್ಮಣ್ಣನ್ನು ನೋಡಿದವನು ಡೀಸೆಲನ್ನು ಕಾಣಲಾರ. ಎರಡನ್ನೂ ತೆಗೆಯಬೇಕು. ಇಷ್ಟೇ ಅಲ್ಲದೆ, ಗ್ಯಾರೇಜಿನ ಸೋಂಕಿಲ್ಲದ ಮೇಲುಭಾಗದ ತೋಟದಿಂದಲೂ ಒಂದಿಷ್ಟು ಮಣ್ಣು ತೆಗೆಯಬೇಕು. ಎಲ್ಲ ಮಣ್ಣಿನಲ್ಲಿಯೂ ಸ್ವಭಾವತಃ ಸ್ವಲ್ಪ ಲೋಹವಿರುತ್ತದೆ. ಹೋಲಿಕೆಯಿಲ್ಲದೆ ಗ್ಯಾರೇಜಿನ ಪಾಲು ಎಷ್ಟು, ನೆಲದ ಪಾಲು ಎಷ್ಟು ಎಂದು ಹೇಳಲಾಗದು. ಬಾವಿಯ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು.

ಶುದ್ಧಿಯ ಕ್ರಮ

ಕೆಲಸಕ್ಕೆ ತಕ್ಕ ಕಾಲ ಜನವರಿಯಿಂದ ಏಪ್ರಿಲ್. ಜೂನಿನ ಮುಂಗಾರು ಹಿಡಿಯಿತೆಂದರೆ ಕೊರೆದ ಮಣ್ಣೆಲ್ಲ ತೊರೆಯ ಪಾಲು. ಮೊದಲು ಬೇಲಿ, ಕೈಗವಸು, ಮುಖಕ್ಕೆ ತಕ್ಕ ಮುಖವಾಡ. ಆ ಮೇಲೆ ಸೋರುವ ಮೂಲಗಳನ್ನು ತೆಗೆಯಬೇಕು. ಬ್ಯಾಟರಿಗಳನ್ನು ಮಗುಚದೆ, ಆಮ್ಲ ತಡೆಯುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಇಡಬೇಕು. ಆಯಿಲನ್ನು ಗಟ್ಟಿ ಡ್ರಮ್ಮುಗಳಿಗೆ ತುಂಬಿ ಹೆಸರು ಬರೆಯಬೇಕು. ಆಯಿಲಿಗೆ ತಿನ್ನರ್ ಬೆರೆಸಿದರೆ ಅದನ್ನು ಮತ್ತೆ ಸಂಸ್ಕರಿಸುವುದು ಕಷ್ಟ. ಬೇರೆ ಬೇರೆಯಾಗಿಟ್ಟರೆ ಅದು ಮರಳಿ ಎಣ್ಣೆಯಾದೀತು. ಬ್ರೇಕಿನ ಪುಡಿಯನ್ನು ನೀರು ಚಿಮುಕಿಸಿ ತೇವ ಮಾಡಿಯೇ ಎತ್ತಿ, ಎರಡು ಪದರದ ಚೀಲದಲ್ಲಿ ಮುಚ್ಚಬೇಕು. ಚೆಲ್ಲಿದ ಎಣ್ಣೆಗೆ ಮರದ ಹೊಟ್ಟು ಹಾಕಬಹುದು; ಆದರೆ ಎಣ್ಣೆ ಕುಡಿದ ಹೊಟ್ಟೂ ಆಗ ಅಪಾಯದ ಕಸವೇ ಎಂಬುದನ್ನು ಮರೆಯಬಾರದು.

ಅನಂತರ ಮಣ್ಣಿನ ಸರದಿ. ಇಲ್ಲಿ ವಿಷಗಳು ಎರಡು ಪಂಗಡವಾಗುತ್ತವೆ. ಎಣ್ಣೆ ಇಂಗಾಲ ಜಲಜನಕಗಳ ಸಂಯುಕ್ತ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಆಹಾರವಾಗಬಲ್ಲುದು. ಮಣ್ಣನ್ನು ನೀರು ಇಳಿಯದ ಹಾಸಿನ ಮೇಲೆ ಗುಡ್ಡೆ ಹಾಕಿ, ಸಾರಜನಕ ರಂಜಕಗಳ ಗೊಬ್ಬರ ಬೆರೆಸಿ, ತೇವ ಕಾಯ್ದು, ಆಗಾಗ ಮಗುಚಿ ಗಾಳಿ ಆಡಿಸಿದರೆ, ಆ ಜೀವಿಗಳು ತಿಂಗಳುಗಳಲ್ಲಿ ಎಣ್ಣೆಯ ಬಹುಭಾಗವನ್ನು ಇಂಗಾಲಾಮ್ಲ ಅನಿಲವಾಗಿಯೂ ನೀರಾಗಿಯೂ ಒಡೆಯುತ್ತವೆ. ಭಾರವಾದ ಕೆಲವು ಸಂಯುಕ್ತಗಳು ಮಾತ್ರ ತಡವಾಗಿ ಬಗ್ಗುತ್ತವೆ.

ಸೀಸವಾದರೋ ಮೂಲವಸ್ತು. ಅದನ್ನು ಯಾವ ಜೀವಿಯೂ ಯಾವ ಬೆಂಕಿಯೂ ಒಡೆಯಲಾರದು. ಅದನ್ನು ತೆಗೆಯಬೇಕು, ಇಲ್ಲವೆ ಕಟ್ಟಿಹಾಕಬೇಕು. ಮಲೆನಾಡಿನ ಮಣ್ಣು ಹುಳಿ. ಹುಳಿಯಲ್ಲಿ ಸೀಸ ಸುಲಭವಾಗಿ ಚಲಿಸುತ್ತದೆ. ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಹಾಕುವುದು ಆ ಹುಳಿಯನ್ನು ತಗ್ಗಿಸಲೆಂದೇ. ಇಲ್ಲಿಯೂ ಸುಣ್ಣ ನೆರವಾಗುತ್ತದೆ. ರಂಜಕದ ಲವಣಗಳು ಸೀಸದೊಡನೆ ಕೂಡಿ ಕರಗದ ಖನಿಜವಾಗುತ್ತವೆ. ಅತಿ ಕೆಟ್ಟ ಮೇಲ್ಮಣ್ಣನ್ನು ಮಾತ್ರ ಕೆರೆದು, ಸಾಗಣೆಯ ದಾಖಲೆಪತ್ರದೊಡನೆ, ಸುಮಾರು 200 ಕಿಲೋಮೀಟರು ದೂರದ ದಾಬಸ್‌ಪೇಟೆಯಂಥ ಕಡೆ, ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ನೆಲೆಗೆ ಕಳುಹಬೇಕು. ಅಲ್ಲಿ ಜೇಡಿ, ಪ್ಲಾಸ್ಟಿಕ್ ಪದರಗಳ ಹಾಸು ಕೆಳಗಿನ ನೀರನ್ನು ಕಾಯುತ್ತದೆ. ಕೊನೆಗೆ ಮತ್ತೆ ಮಾದರಿ ತೆಗೆದು ನೋಡಬೇಕು. ಈ ಕಡೆಯ ಪರೀಕ್ಷೆಯಿಲ್ಲದ ಶುದ್ಧಿ ಬರಿಯ ನಂಬಿಕೆ.

ಹೊಣೆ ಯಾರದು?

ಬಳಸಿದ ಆಯಿಲನ್ನು ಅಧಿಕೃತ ಸಂಸ್ಕರಣಕಾರರಿಗೆ ಮಾತ್ರ ಕೊಡಬೇಕೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ವಿಧಿಸಿವೆ. ಬ್ಯಾಟರಿಗಳಿಗೆ 2022ರ ನಿಯಮಗಳುಂಟು. ಆದರೆ ಒಡೆಯನೇ ಬಿಟ್ಟುಹೋದ ನೆಲದ ಗತಿ? 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಸಂಶಯದ ಸ್ಥಳಗಳನ್ನು ಗುರುತಿಸುವ ಕೆಲಸ ಸ್ಥಳೀಯ ಸಂಸ್ಥೆಗಳಿಗೂ ಜಿಲ್ಲಾಡಳಿತಕ್ಕೂ ಸೇರಿತು, ಪರೀಕ್ಷೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯದು, ವೆಚ್ಚ ಕೆಡಿಸಿದವನದು.

ಆದರೆ ಪಟ್ಟಿಗೆ ಹೆಸರು ಸೇರಬೇಕಾದರೆ ಯಾರಾದರೂ ಆ ನೆಲವನ್ನು ಕಂಡು ಹೇಳಬೇಕು. ವಿದ್ಯಾರ್ಥಿಗಳು ಒಳಗೆ ಕಾಲಿಡಬೇಕಾದುದಿಲ್ಲ, ಏನನ್ನೂ ಮುಟ್ಟಬೇಕಾದುದಿಲ್ಲ. ದಾರಿಯಿಂದಲೇ ಕಲೆಗಳನ್ನು, ಪೀಪಾಯಿಗಳನ್ನು, ನೀರಿನ ಹರಿವನ್ನು, ಬಾವಿಯ ದೂರವನ್ನು ಗುರುತುಹಾಕಿ, ಅಧ್ಯಾಪಕರ ಮೂಲಕ ಗ್ರಾಮ ಪಂಚಾಯಿತಿಗೆ ಒಂದು ಪತ್ರ ಬರೆದರೆ ಸಾಕು. ಹೊಂಡದ ನೀರಿನ ಮೇಲೆ ಕಾಮನಬಿಲ್ಲನ್ನು ಕಂಡ ದಿನವೇ ಅದನ್ನು ಬರೆಯಬಹುದು. ಮುಂಗಾರು ಬರುವ ಮೊದಲೇ ಬರೆದರೆ ಒಳ್ಳೆಯದು.