ಹೀರೋಗೊಂದು ಹೆಸರು, ಎದೆಗೊಂದು ಗುರುತು!

ಮಾನಸಗಂಗೋತ್ರಿಯಲ್ಲಿ ಒಂದು ಮರದ ನೆರಳು. ನಾಲ್ಕು ಜನ ವಿದ್ಯಾರ್ಥಿಗಳು, ಎರಡು ಬೈಟೂ ಕಾಫಿ, ಎರವಲು ತಂದ ಒಂದು ಕ್ಯಾಮೆರಾ. ಹೀಗೊಂದು ದೃಶ್ಯವನ್ನು ಕಣ್ಣೆದುರಿಗೆ ತಂದುಕೊಳ್ಳಿ, ಓದುಗರೇ. ಇಂಥ ನೆರಳು, ಇಂಥ ಕಾಫಿ ಮೈಸೂರಿನ ಯಾವ ಕಾಲೇಜಿನಲ್ಲಿ ತಾನೇ ಇಲ್ಲ?

"ಕಥೆ ರೆಡಿ ಮಗಾ. ಹೆಸರೇ ಸಿಕ್ತಿಲ್ಲ."

"'ಸೂಪರ್ ಮೈಸೂರ್ ಮ್ಯಾನ್' ಅಂತ ಇಡೋಣ್ವಾ?"

"ಥೂ! ಸೋಪಿನ ಜಾಹೀರಾತು ಥರ ಇದೆ ಕಣೋ!"

"ಸರಿ, ಎದೆ ಮೇಲಾದ್ರೂ ದೊಡ್ಡದಾಗಿ 'ಎಸ್' ಬರೆದು ಒಂಚೂರು ಬಾಗಿಸಿಬಿಡೋಣ."

"ಅದು ಅವರ 'ಎಸ್' ಕಣ್ರೋ. ನಮ್ದೇನು?"

ಕೊನೆಯ ಪ್ರಶ್ನೆ ಕೇಳಿದ ಹುಡುಗಿಗೆ ಯಾರಾದರೂ ಇನ್ನೊಂದು ಕಾಫಿ ಕೊಡಿಸಿ! ಯಾಕೆಂದರೆ ವಿದ್ಯಾರ್ಥಿ ಚಿತ್ರದಲ್ಲಿ ಸ್ಟಾರ್ ಇಲ್ಲ, ಸೆಟ್ ಇಲ್ಲ, ಹೆಲಿಕಾಪ್ಟರಂತೂ ಇಲ್ಲವೇ ಇಲ್ಲ. ಇರುವುದು ಎರಡೇ ಬಂಡವಾಳ: ಒಂದು ಹೆಸರು, ಒಂದು ಗುರುತು. ಅವೆರಡೂ ಎರವಲಾದರೆ ಚಿತ್ರದಲ್ಲಿ ಸ್ವಂತದ್ದು ಅಂತ ಉಳಿಯುವುದಾದರೂ ಏನು?

ಆ 'ಎಸ್' ಕೂಡ ಹುಡುಗರದೇ!

ತಮಾಷೆ ನೋಡಿ. ಜಗತ್ತೇ ಬಲ್ಲ ಆ ಸೂಪರ್‌ಮ್ಯಾನ್ ಹುಟ್ಟಿದ್ದೂ ಇಬ್ಬರು ವಿದ್ಯಾರ್ಥಿಗಳ ತಲೆಯಲ್ಲೇ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಜೆರ್‍ರಿ ಸೀಗಲ್ ಕಥೆ ಬರೆಯುತ್ತಿದ್ದ, ಜೋ ಶೂಸ್ಟರ್ ಚಿತ್ರ ಬಿಡಿಸುತ್ತಿದ್ದ. 1933ರಲ್ಲಿ ತಾವೇ ಹೊರತಂದ ಪುಟ್ಟ ಪತ್ರಿಕೆಯಲ್ಲಿ ಆ ಹೆಸರನ್ನು ಮೊದಲು ಇಟ್ಟಿದ್ದು ಒಬ್ಬ ಖಳನಾಯಕನಿಗೆ! ಆಮೇಲೆ ಅದೇ ಹೆಸರಿನವನನ್ನು ನಾಯಕನನ್ನಾಗಿ ಮಾಡಿದರು. ಎದೆಯ ಮೇಲಿನ ಗುರುತು ಆಗ ಪೊಲೀಸ್ ಬಿಲ್ಲೆಯ ಹಾಗೆ ಪುಟ್ಟದಾಗಿತ್ತು. ಇವತ್ತಿನ ಠೀವಿಯೆಲ್ಲ ಬಂದದ್ದು ನಿಧಾನವಾಗಿ.

1938ರಲ್ಲಿ ಪ್ರಕಾಶಕರು ಕಥೆ ಒಪ್ಪಿಕೊಂಡರು. ಹುಡುಗರು ಸಹಿ ಹಾಕಿದರು. ಕೈಗೆ ಬಂದ ಹಣ 130 ಡಾಲರ್. ಹಕ್ಕೆಲ್ಲ ಹೋಯಿತು! ಸೂಪರ್‌ಮ್ಯಾನ್ ಆಕಾಶದಲ್ಲಿ ಹಾರಿದ, ಹೆತ್ತವರು ನೆಲದಲ್ಲೇ ಉಳಿದರು. ಕೋರ್ಟು, ಕಚೇರಿ ಅಂತ ವರ್ಷಗಟ್ಟಲೆ ಅಲೆದ ಮೇಲೆ, 1975ರಲ್ಲಿ ವಾರ್ನರ್ ಕಂಪನಿ ಅವರಿಗೆ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಕೊಡಲು ಒಪ್ಪಿತು. 'ಸೃಷ್ಟಿಕರ್ತರು' ಎಂಬ ಹೆಸರೂ ಮರಳಿ ಸಿಕ್ಕಿತು. ಅಷ್ಟರಲ್ಲಿ ಇಬ್ಬರಿಗೂ ಅರವತ್ತು ದಾಟಿತ್ತು.

ಈ ಕಥೆಯಲ್ಲಿ ಎರಡು ಪಾಠವಿದೆ. ಹುಡುಗರು ಬರೆದ ಗುರುತು ಲೋಕವನ್ನೇ ಗೆಲ್ಲಬಹುದು. ಗೆದ್ದ ಮೇಲೆ ಅದು ಹುಡುಗರ ಕೈಯಲ್ಲೇ ಇರಬೇಕಾದರೆ ಮೊದಲೇ ಎಚ್ಚರ ಬೇಕು. ಎರಡನೆಯ ಪಾಠಕ್ಕೆ ಆಮೇಲೆ ಬರೋಣ.

ನಮ್ಮವರು ಹೆಸರಿಟ್ಟ ಬಗೆ

ಹೆಸರಿಡುವ ವಿದ್ಯೆಗೆ ಕ್ಲೀವ್‌ಲ್ಯಾಂಡ್‌ವರೆಗೆ ಯಾಕೆ ಹೋಗಬೇಕು? ಮೈಸೂರಿನ ಹುಡುಗ ಸಂಪತ್ ಕುಮಾರ್ 'ವಿಷ್ಣುವರ್ಧನ್' ಆಗಿದ್ದು 1972ರ 'ನಾಗರಹಾವು' ಚಿತ್ರದಲ್ಲಿ, ಪುಟ್ಟಣ್ಣ ಕಣಗಾಲರ ಕೈಯಲ್ಲಿ. ಆ ಚಿತ್ರದ ಹೆಸರನ್ನೇ ನೋಡಿ. ಕಥೆ ಹಾವಿನದಲ್ಲ, ಕೋಪಿಷ್ಠ ಹುಡುಗ ರಾಮಾಚಾರಿಯದು. ಕೆಣಕಿದರೆ ಹೆಡೆ ಎತ್ತುವವನು ಎಂಬುದನ್ನು ಹೆಸರೇ ಹೇಳಿಬಿಟ್ಟಿತು. ಹತ್ತು ವರ್ಷದ ಮೇಲೆ, 1982ರಲ್ಲಿ, 'ಸಾಹಸ ಸಿಂಹ' ಬಂತು. ಚಿತ್ರದ ಹೆಸರು ಚಿತ್ರಮಂದಿರದಿಂದ ಆಚೆ ನಡೆದು ಬಂದು ನಟನ ಹೆಸರಿನ ಮುಂದೆ ಕೂತಿತು. ಅಭಿಮಾನಿಗಳ ಬಾಯಲ್ಲಿ ಇವತ್ತಿಗೂ ಅಲ್ಲೇ ಕೂತಿದೆ!

ಅದಕ್ಕೂ ಮುಂಚೆ, 1968ರಲ್ಲಿ, ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ'. ಅದರಲ್ಲಿ ರಾಜಕುಮಾರ್ ಸಿಐಡಿ 999. ಬಾಂಡ್ 007 ಆದರೆ ನಮ್ಮವನು 999! ಬರೀ ಮೂರು ಅಂಕಿ. ಆದರೂ 'ಗೋವಾದಲ್ಲಿ ಸಿಐಡಿ 999' ಎಂದು ಗೋಡೆಯ ಮೇಲೆ ಬಿದ್ದರೆ ಯಾರು, ಏನು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಂಕಿಯೇ ಲೋಗೋ.

ಇನ್ನು ಉಪೇಂದ್ರರ ಕಥೆ ನಿಮಗೇ ಗೊತ್ತು. 2010ರಲ್ಲಿ ಬಂದ ಅವರ ಚಿತ್ರಕ್ಕೆ ಅಕ್ಷರವೇ ಇಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿದ ಒಂದು ಕೈ, ಅಷ್ಟೆ. ಜನ ಕೈ ನೋಡಿ 'ಸೂಪರ್' ಎಂದು ಓದಿದರು! ಆದರೆ ಮಕ್ಕಳಾ, ಜೋಕೆ. ಉಪೇಂದ್ರ ಯಾರು ಅಂತ ಜನಕ್ಕೆ ಮೊದಲೇ ಗೊತ್ತಿತ್ತು. ನೀವು ಬರೀ ಕೈ ತೋರಿಸಿದರೆ, ಬಸ್ಸು ನಿಲ್ಲಿಸಲು ಕೈ ಅಡ್ಡ ಹಿಡಿದಿದ್ದಾರೆ ಅಂದುಕೊಂಡಾರು.

ಎರಡು ತಲೆಯ ಹಕ್ಕಿಯ ಆಸೆ

ಮೈಸೂರಿನ ಸೂಪರ್ ಹೀರೋ ಅಂದ ಕೂಡಲೇ ಯಾರಿಗಾದರೂ ಹೊಳೆಯುವುದು ಗಂಡಭೇರುಂಡ. ಒಡೆಯರ ಲಾಂಛನ, ಎರಡು ತಲೆ, ಚಾಚಿದ ರೆಕ್ಕೆ. ಎದೆ ಮೇಲೆ ಹಾಕಲು ಅಂತಲೇ ಮಾಡಿದ ಹಾಗಿದೆ! ಆದರೆ ಹೆಸರು ಆಗಲೇ ಬಳಕೆಯಾಗಿದೆ. ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನ ಶಂಕರ್ ಸಿಂಗ್ ಅವರ ಮಗ ರಾಜೇಂದ್ರಸಿಂಗ್ ಬಾಬು 1984ರಲ್ಲೇ 'ಗಂಡಭೇರುಂಡ' ತೆರೆಗೆ ತಂದಿದ್ದಾರೆ. ಜೊತೆಗೆ ಅದು ಈಗ ರಾಜ್ಯ ಸರ್ಕಾರದ ಲಾಂಛನ. ಸರ್ಕಾರದ ಲಾಂಛನವನ್ನು ವ್ಯಾಪಾರಕ್ಕೆ ಬಳಸಬಾರದು ಎಂದು 1950ರ ಕಾಯಿದೆ ಹೇಳುತ್ತದೆ. ಹಕ್ಕಿ ಹಳೆಯದು, ಶಿಲ್ಪಿಗಳ ಕೈಯಲ್ಲಿ ಶತಮಾನಗಳಿಂದ ಇದೆ, ನಿಜ. ಆದರೆ ಸರ್ಕಾರಿ ಕಾಗದದ ಮೇಲಿನ ಚಿತ್ರವನ್ನೇ ನಕಲು ಮಾಡಿ ಅಂಟಿಸುವುದು ಬೇರೆ ಮಾತು.

ಗುರುತಿಗಾಗಿ ಜಗಳ ಎಲ್ಲಿಯವರೆಗೆ ಹೋಗುತ್ತದೆ ಗೊತ್ತೇ? ನೀವು ಈ ಪತ್ರಿಕೆ ಹಿಡಿದು ಕಾಯುತ್ತಿರುವ ಬಸ್ಸನ್ನೇ ನೋಡಿ. ಕೆಎಸ್‌ಆರ್‌ಟಿಸಿ ಅನ್ನುವ ಐದು ಅಕ್ಷರಕ್ಕೆ ಕರ್ನಾಟಕ, ಕೇರಳ ಎರಡೂ ಕೈ ಹಾಕಿದವು. ನಮ್ಮ ಸಾರಿಗೆ ಸಂಸ್ಥೆ 2013ರಲ್ಲಿ ಆ ಅಕ್ಷರಗಳನ್ನೂ ಗಂಡಭೇರುಂಡದ ಚಿತ್ರವನ್ನೂ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡಿತ್ತು. ಕೇರಳ ತಕರಾರು ತೆಗೆಯಿತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ಬಸ್ಸಿಗೇ ಇಷ್ಟು ರಂಪವಾದರೆ ಹೀರೋಗೆ ಎಷ್ಟಾಗಬೇಡ!

ಕನ್ನಡ ಅಕ್ಷರದ ಮರ್ಜಿ

ಇಂಗ್ಲಿಷಿನ 'ಎಸ್' ಯಾವ ಚೌಕಟ್ಟಿಗಾದರೂ ಹೊಂದಿಕೊಳ್ಳುತ್ತದೆ. ನಮ್ಮ ಅಕ್ಷರ ಹಾಗಲ್ಲ. ದೀರ್ಘ ಬಲಕ್ಕೆ ಬಾಲ ಬಿಡುತ್ತದೆ, ಒತ್ತಕ್ಷರ ಕೆಳಗೆ ಜೋತು ಬೀಳುತ್ತದೆ. 'ಅಗ್ನಿಶಕ್ತ' ಎಂದು ಬರೆದು ಅದನ್ನು ಎದೆಯ ಬಿಲ್ಲೆಯೊಳಗೆ ಕೂರಿಸಲು ಹೋಗಿ, ಒತ್ತುಗಳೆಲ್ಲ ಹೊಟ್ಟೆಗೆ ಇಳಿಯುತ್ತವೆ! ಆದ್ದರಿಂದ ಎರಡು-ಮೂರು ಅಕ್ಷರದ, ಒತ್ತು ಕಮ್ಮಿ ಇರುವ ಹೆಸರು ಒಳ್ಳೆಯದು. ಕಂಪ್ಯೂಟರಿನ ಸಿದ್ಧ ಅಕ್ಷರಕ್ಕಿಂತ ಕೈಯಲ್ಲಿ ಬರೆದದ್ದಕ್ಕೆ ಜೀವ ಜಾಸ್ತಿ. ಊರಲ್ಲೇ ಕಾವಾ ಕಲಾ ಕಾಲೇಜಿದೆ. ಅಲ್ಲಿ ಕುಂಚ ಹಿಡಿದ ಗೆಳೆಯನೊಬ್ಬ ಸಿಕ್ಕದೆ ಇರುತ್ತಾನೆಯೇ?

ಬರೆದ ಮೇಲೆ ಮೂರು ಪರೀಕ್ಷೆ ಮಾಡಿ. ಗೋಡೆಗೆ ಅಂಟಿಸಿ ರಸ್ತೆಯ ಆಚೆ ಬದಿಯಿಂದ ಓದಿ. ಬಣ್ಣ ತೆಗೆದು ಬರೀ ಕಪ್ಪಿನಲ್ಲಿ ನೋಡಿ. ಮೊಬೈಲಿನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಮೂರರಲ್ಲೂ ಗುರುತು ಸಿಕ್ಕಿದರೆ ಪಾಸ್! ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನಿಗೆ ಶಕ್ತಿಯಿಲ್ಲ, ಮಾತಿಲ್ಲ. ಆದರೆ ಆ ಚೌಕಳಿ ಕೋಟು ಕಂಡರೆ ಸಾಕು, ಮುಖ ನೋಡುವ ಮೊದಲೇ ಆಸಾಮಿ ಯಾರೆಂದು ದೇಶಕ್ಕೇ ಗೊತ್ತು.

ಒಂದು ಹಾಳೆ ಕಾಗದ

ಈಗ ಬಾಕಿ ಇಟ್ಟ ಪಾಠ. ಬರೀ ಹೆಸರಿಗೆ ಕಾಪಿರೈಟ್ ಇಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ, 'ದೇಸಿ ಬಾಯ್ಸ್' ಹಿಂದಿ ಚಿತ್ರದ ಮೊಕದ್ದಮೆಯಲ್ಲಿ ಹೇಳಿದೆ. ಥಿಯೇಟರಿಗೆ ಹೋಗುವ ಚಿತ್ರವಾದರೆ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸುವ ರೂಢಿ ಅದಕ್ಕೇ. ಆದರೆ ಲೋಗೋ ಚಿತ್ರಕಲೆ. ಅದಕ್ಕೆ ಕಾಪಿರೈಟ್ ಉಂಟು. ಸ್ನೇಹಕ್ಕೆಂದು ಬಿಡಿಸಿಕೊಟ್ಟರೆ, ಬಿಡಿಸಿದವನೇ ಅದರ ಮೊದಲ ಒಡೆಯ. "ನಾವೆಲ್ಲ ಫ್ರೆಂಡ್ಸು, ಕಾಗದ ಯಾಕೆ?" ಅನ್ನಬೇಡಿ. ಕಥೆ ಯಾರದು, ಚಿತ್ರ ಯಾರದು, ನಾಳೆ ಕಾಸು ಬಂದರೆ ಯಾರಿಗೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸೀಗಲ್, ಶೂಸ್ಟರ್ ನೆನಪಿರಲಿ. ಸ್ನೇಹ ಉಳಿಯುವುದೂ ಆ ಹಾಳೆಯಿಂದಲೇ.

ಸರಿ, ಮರದ ನೆರಳಿಗೆ ವಾಪಸ್ ಹೋಗೋಣ. "ನಮ್ದೇನು?" ಎಂದ ಹುಡುಗಿ ಸುಮ್ಮನೆ ಕೂತಿಲ್ಲ. ಅವಳ ಅಪ್ಪ ಬಸ್ ಕಂಡಕ್ಟರ್ ಅಂತ ಇಟ್ಟುಕೊಳ್ಳಿ.

"ನಮ್ಮ ಹೀರೋನೂ ಕಂಡಕ್ಟರ್ ಮಗ ಆಗ್ಲಿ. ಒಂದು ಸೀಟಿ ಊದಿದ್ರೆ ಓಡ್ತಿರೋದೆಲ್ಲ ಗಕ್ಕಂತ ನಿಲ್ಬೇಕು. ಎರಡು ಊದಿದ್ರೆ ಹೊರಡ್ಬೇಕು."

"'ರೈಟ್ ರೈಟ್' ಅಂತ ಹೆಸರಿಡೋಣ!"

"ತೆಲುಗಲ್ಲಿ 2016ರಲ್ಲೇ ಬಂದಿದೆ ಕಣೋ."

"ಹಾಗಾದ್ರೆ... 'ಸೀಟಿ'?"

ಎರಡೇ ಅಕ್ಷರ. ಒತ್ತಿಲ್ಲ. 'ಟಿ'ಯ ದುಂಡನೆಯ ಹೊಟ್ಟೆಯೇ ಸೀಟಿಯಾಗಬಹುದು. ಈ ಹೆಸರೂ ಯಾರದ್ದಾದರೂ ಆಗಿದೆಯೇ ಎಂದು ಹುಡುಕಿ ನೋಡಬೇಕು, ಅದು ಬೇರೆ. ಆದರೆ ಮೊದಲ ಬಾರಿಗೆ ನಾಲ್ಕೂ ಜನರ ಮುಖದಲ್ಲಿ ನಗು. ಯಾಕೆಂದರೆ ಇದು ಯಾವ ಗ್ರಹದಿಂದಲೂ ಬಂದದ್ದಲ್ಲ. ಅಪ್ಪ ದಿನಾ ರಾತ್ರಿ ಮನೆಗೆ ಬಂದು ಮೊಳೆಗೆ ನೇತುಹಾಕುವ ಖಾಕಿ ಅಂಗಿಯ ಜೇಬಿನಿಂದ ಬಂದದ್ದು.

ಹೊರಡಿ ಮಕ್ಕಳಾ, ರೈಟ್! ನೀವು ಊದಿ ಸೀಟಿ. ಶಿಳ್ಳೆ ಹೊಡೆಯಲು ನಾವಿದ್ದೇವೆ.