ಹನಿ ನೀರಿನ ಚಕ್ರಧಾರಿಗಳು

ಮಳೆಗಾಲದಲ್ಲಿ ತಾರಸಿಯ ಮೋಟುಗೋಡೆಯ ಮೇಲೆ ಹಾವಸೆ ಹಸಿರಾಗಿ ಹಬ್ಬುವುದನ್ನು ಎಲ್ಲರೂ ಕಂಡಿದ್ದೇವೆ. ಬೇಸಿಗೆಯಲ್ಲಿ ಅದೇ ಹಾವಸೆ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗುತ್ತದೆ. ಆ ಒಣ ಹಾವಸೆಯನ್ನು ಒಂದು ಚಿಟಿಕೆಯಷ್ಟು ಬಟ್ಟಲಿಗೆ ಹಾಕಿ, ಮಳೆನೀರನ್ನೋ ಬಾವಿನೀರನ್ನೋ ಸುರಿದು ರಾತ್ರಿಯಿಡೀ ಬಿಡಿ. (ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ.) ಬೆಳಿಗ್ಗೆ ಅದನ್ನು ಹಿಂಡಿ, ಒಂದು ಹನಿಯನ್ನು ಮಕ್ಕಳ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿ. ಅದೃಷ್ಟವಿದ್ದರೆ ಗಾಜಿನಂತೆ ಪಾರದರ್ಶಕವಾದ ಪ್ರಾಣಿಯೊಂದು ಜಿಗಣೆಯ ಹಾಗೆ ಮೈ ಚಾಚಿ, ಮೈ ಮುದುಡಿ ನಡೆಯುತ್ತಿರುತ್ತದೆ. ಆಮೇಲೆ ಒಂದೆಡೆ ಕಾಲೂರಿ ನಿಂತು, ತಲೆಯ ಮೇಲಿನ ಎರಡು ಚಕ್ರಗಳನ್ನು ಬಿಚ್ಚಿ ಗಿರ್ರನೆ ತಿರುಗಿಸತೊಡಗುತ್ತದೆ. ನಿನ್ನೆಯವರೆಗೆ ಧೂಳಾಗಿದ್ದ ಪ್ರಾಣಿ ಇದು!

ಈ ವಿಸ್ಮಯವನ್ನು ಮೊದಲು ಬರೆದಿಟ್ಟವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. 1702ರಲ್ಲಿ ಆತ ತನ್ನ ಮನೆಯ ಸೂರಿನ ಸೀಸದ ದೋಣಿಯಲ್ಲಿ (ನಮ್ಮ ಕರಾವಳಿಯವರು ದಂಬೆ ಎನ್ನುವಂಥದ್ದು) ಒಣಗಿದ್ದ ಕೆಸರಿಗೆ ನೀರು ಹಾಕಿ, ಸತ್ತಂತಿದ್ದ ಜೀವಿಗಳು ಎದ್ದು ಈಜುವುದನ್ನು ಕಂಡ. ಇವಕ್ಕೆ ಮುಂದೆ ರೋಟಿಫರ್ ಎಂಬ ಹೆಸರಾಯಿತು. ಲ್ಯಾಟಿನ್‌ನಲ್ಲಿ ಚಕ್ರ ಹೊತ್ತವನು ಎಂದರ್ಥ. ಹಾಗಾಗಿ ನಾವು ಚಕ್ರಧಾರಿ ಎಂದರೆ ತಪ್ಪಾಗಲಾರದು. ಮೇಲಿನ ಚಕ್ರಧಾರಿಯೂ ಬೇಸರಿಸಿಕೊಳ್ಳಲಾರ.

ನಿಜಕ್ಕೂ ಅಲ್ಲಿ ತಿರುಗುವ ಚಕ್ರವೇನೂ ಇಲ್ಲ. ತಲೆಯ ಸುತ್ತ ಸಾಲಾಗಿ ನಿಂತ ಸೂಕ್ಷ್ಮ ರೋಮಗಳು ಒಂದರ ಹಿಂದೊಂದು ಬಾಗುತ್ತವೆ. ಗಣೇಶೋತ್ಸವದ ಮಂಟಪದಲ್ಲಿ ಸೀರಿಯಲ್ ದೀಪಗಳು ಓಡಿದಂತೆ ಕಾಣುವುದಿಲ್ಲವೇ, ಹಾಗೆಯೇ ಇದೂ ಕಣ್ಣಿನ ಭ್ರಮೆ. ಈ ರೋಮಗಳೆಬ್ಬಿಸುವ ಸುಳಿಗೆ ಸಿಕ್ಕ ಪಾಚಿಕಣ, ಬ್ಯಾಕ್ಟೀರಿಯಾಗಳೆಲ್ಲ ನೇರ ಬಾಯಿಗೆ ಬರುತ್ತವೆ. ಒಳಗೆ ಗಟ್ಟಿ ದವಡೆಗಳ ಪುಟ್ಟ ಬೀಸುಕಲ್ಲೊಂದು ಬಡಿದುಕೊಳ್ಳುತ್ತಲೇ ಇರುತ್ತದೆ. ಮೊದಲ ಸಲ ನೋಡಿದವರು ಅದನ್ನು ಹೃದಯವೆಂದು ತಿಳಿಯುವುದುಂಟು. ಈ ಪ್ರಾಣಿಗೆ ಹೃದಯವೇ ಇಲ್ಲ. ಬಹುಪಾಲು ಚಕ್ರಧಾರಿಗಳು ಅರ್ಧ ಮಿಲಿಮೀಟರಿಗಿಂತ ಚಿಕ್ಕವು. ಇಡೀ ದೇಹದಲ್ಲಿ ಸುಮಾರು ಸಾವಿರ ಜೀವಕೋಶಗಳಷ್ಟೇ. ಅಷ್ಟರಲ್ಲೇ ಮಿದುಳು, ಹೊಟ್ಟೆ, ಎಷ್ಟೋ ಜಾತಿಗಳಲ್ಲಿ ಕೆಂಪು ಕಣ್ಣು, ಅಂಟಿಕೊಂಡು ನಿಲ್ಲಲು ಗೋಂದಿನ ಗ್ರಂಥಿ ಎಲ್ಲವೂ ಉಂಟು.

ಈ ಬೀಸುಕಲ್ಲಿನ ಬಗ್ಗೆ 2023ರಲ್ಲಿ ಕಳವಳದ ಸುದ್ದಿಯೊಂದು ಬಂತು. ನೀರಿನಲ್ಲಿ ತೇಲುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಚಕ್ರಧಾರಿಗಳು ಆಹಾರವೆಂದು ನುಂಗಿ, ಅರೆದು, ಇನ್ನೂ ಸೂಕ್ಷ್ಮವಾಗಿಸಿ ಹೊರಬಿಡುತ್ತವೆ ಎಂದು ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಪ್ರಯೋಗಶಾಲೆಯಲ್ಲಿ ಒಂದೊಂದು ಜೀವಿಯೂ ದಿನಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಅಂಥ ಕಣಗಳನ್ನು ಮಾಡಬಲ್ಲದಂತೆ. ನಾವು ಎಸೆದದ್ದನ್ನು ಪಾಪ ಅದು ನುಣ್ಣಗೆ ಬೀಸಿ ಕೊಡುತ್ತಿದೆ.

ಜಗತ್ತಿನಲ್ಲಿ ಸುಮಾರು 2,000 ಜಾತಿಯ ಚಕ್ರಧಾರಿಗಳಿವೆ. ಹೆಚ್ಚಿನವುಗಳ ವಾಸ ಸಿಹಿನೀರಿನಲ್ಲೇ. ನೀರು ಬತ್ತಿದಾಗ ಬದುಕುವುದು ಹೇಗೆ ಎಂಬ ಪ್ರಶ್ನೆಗೆ ಇವು ಎರಡು ಉತ್ತರ ಕಂಡುಕೊಂಡಿವೆ.

ಹಾವಸೆಯಲ್ಲಿ ಕಂಡ ಜಿಗಣೆನಡೆಯವು ತಾವೇ ಒಣಗಿ ಕೂರುತ್ತವೆ. ಒಣಗಿದಾಗ ಅವುಗಳ ಡಿಎನ್‌ಎ ಚೂರುಚೂರಾಗುತ್ತದೆ. ನೀರು ಸಿಕ್ಕೊಡನೆ ಅದನ್ನು ಜೋಡಿಸಿಕೊಳ್ಳುತ್ತವೆ. ಸೈಬೀರಿಯದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸುಮಾರು 24,000 ವರ್ಷ ಹುದುಗಿದ್ದ ಅಂಥ ಜೀವಿ ಎಚ್ಚೆತ್ತು ಸಂತಾನವನ್ನೂ ಪಡೆಯಿತೆಂದು 2021ರಲ್ಲಿ ವರದಿಯಾಯಿತು. ಇನ್ನೊಂದು ಸೋಜಿಗ: ಮುನ್ನೂರು ವರ್ಷ ಹುಡುಕಿದರೂ ಈ ಗುಂಪಿನಲ್ಲಿ ಒಂದೇ ಒಂದು ಗಂಡು ಸಿಕ್ಕಿಲ್ಲ. ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು, ಅಷ್ಟೇ ವಂಶಾವಳಿ.

ಕೆರೆಯಲ್ಲಿ ತೇಲುವ ಬಗೆಯವು ಒಣಗಿದರೆ ಸಾಯುತ್ತವೆ. ಅವುಗಳ ಉಪಾಯ ಬೇರೆ. ನೀರು ಸಮೃದ್ಧವಾಗಿರುವಾಗ ಇಲ್ಲಿಯೂ ಹೆಣ್ಣುಗಳದೇ ರಾಜ್ಯ. ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯೊಡೆದ ಮರಿ ಒಂದೆರಡು ದಿನದಲ್ಲೇ ತಾಯಿಯಾಗುತ್ತದೆ. ಸಂಖ್ಯೆ ಮಿತಿಮೀರಿತೋ, ಆಗ ಪುಟ್ಟ ಗಂಡುಗಳು ಹುಟ್ಟುತ್ತವೆ. ಎಷ್ಟೋ ಜಾತಿಗಳಲ್ಲಿ ಇವಕ್ಕೆ ಉಣ್ಣುವ ಬಾಯಿಯೂ ಇಲ್ಲ. ಕೂಡಿ ಸಾಯುವುದಷ್ಟೇ ಕೆಲಸ. ಆ ಕೂಟದಿಂದ ದಪ್ಪ ಚಿಪ್ಪಿನ ಮೊಟ್ಟೆಗಳಾಗಿ ಕೆಸರಿಗಿಳಿಯುತ್ತವೆ. ಹತ್ತಾರು ವರ್ಷ ಕಾಯಬಲ್ಲ ಮೊಟ್ಟೆಗಳಿವು.

ಇವುಗಳಲ್ಲಿ ಬ್ರ್ಯಾಕಿಯೋನಸ್ ಎಂಬುದರ ಜಾಣತನವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದನ್ನು ಇಡಿಯಾಗಿ ನುಂಗುವ ಆಸ್ಪ್ಲಾಂಕ್ನಾ ಎಂಬ ದೊಡ್ಡ ಚಕ್ರಧಾರಿಯಿದೆ. ನುಂಗಣ್ಣನ ದೇಹದಿಂದ ಒಸರಿದ ರಾಸಾಯನಿಕ ನೀರಿನಲ್ಲಿ ಬೆರೆತರೆ ಸಾಕು, ಬ್ರ್ಯಾಕಿಯೋನಸ್ ತಾಯಿಯ ಮುಂದಿನ ಮಕ್ಕಳು ಉದ್ದ ಮುಳ್ಳುಗಳೊಂದಿಗೆ ಹುಟ್ಟುತ್ತವೆ, ಗಂಟಲಿಗೆ ಇಳಿಯುವುದಿಲ್ಲ. ಫ್ರಾನ್ಸಿನ ದ ಬೋಷಾಂ 1952ರಲ್ಲಿ ಇದನ್ನು ಗುರುತಿಸಿದರು.

ಇಷ್ಟು ಚಿಕ್ಕ ಪ್ರಾಣಿಯ ಗೊಡವೆ ನಮಗೇಕೆ ಎನ್ನುವವರು ಮೀನು ಸಾಕುವವರನ್ನು ಕೇಳಬೇಕು. ಕಾಟ್ಲಾ, ರೋಹು ಮರಿಗಳ ಮೊದಮೊದಲ ತುತ್ತುಗಳಲ್ಲಿ ಚಕ್ರಧಾರಿಗಳೂ ಸೇರುತ್ತವೆ. ಮರಿ ಬಿಡುವ ಮುನ್ನ ಹೊಂಡಕ್ಕೆ ಸಗಣಿ ಹಾಕುವುದು ಇಂಥ ಸೂಕ್ಷ್ಮಜೀವಿಗಳು ಬೆಳೆಯಲೆಂದೇ. ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿಯೂ ಇವು ಬ್ಯಾಕ್ಟೀರಿಯಾ ತಿಂದು ನೀರನ್ನು ತಿಳಿಯಾಗಿಸುತ್ತವೆ.

ದಖ್ಖನದ ಕೆರೆಗಳು, ಕನ್ನಡ ನಾಡಿನವಾಗಲಿ ತೆಲುಗು ನಾಡಿನವಾಗಲಿ, ಎಷ್ಟೋ ಬೇಸಿಗೆಗೆ ಬತ್ತುವಂಥವೇ. ಬತ್ತಿದ ಕೆರೆ ಪೇಟೆಯವರ ಕಣ್ಣಿಗೆ ಖಾಲಿ ಸೈಟು. ಹೂಳೆತ್ತುವವರೂ ಜೆಸಿಬಿ ತಂದು ಅಂಗಳವನ್ನೆಲ್ಲ ಒಂದೇ ಸಲಕ್ಕೆ ಕೆರೆದು ಸಾಗಿಸುತ್ತಾರೆ. ಕೆರೆಗೋಡನ್ನು ಹೊಲಕ್ಕೆ ಹಾಕುವುದು ನಮ್ಮ ರೈತರ ಹಳೆಯ ಪದ್ಧತಿ, ಅದನ್ನು ಬೇಡವೆನ್ನಲಾಗದು. ಆದರೆ ಜೀವವಿರುವ ಮೊಟ್ಟೆಗಳು ಹೆಚ್ಚಾಗಿರುವುದು ಮೇಲಿನ ಕೆಲವೇ ಅಂಗುಲಗಳಲ್ಲಿ. ಗಾಳಿಯೊಡನೆ, ಬಾತುಗಳ ಕಾಲಿನ ಕೆಸರಿನೊಡನೆ ಬೇರೆ ಕೆರೆಗಳಿಂದ ಹೊಸವು ಬರಬಹುದು ನಿಜ, ಆಸುಪಾಸಿನಲ್ಲಿ ಬೇರೆ ಕೆರೆ ಉಳಿದಿದ್ದರೆ. ಅಂಗಳದ ಒಂದು ಭಾಗವನ್ನು ಮುಟ್ಟದೆ ಬಿಟ್ಟರೆ ಆ ಕಾಯುವಿಕೆಯೂ ಬೇಕಿಲ್ಲ. ಮಳೆ ಬಿದ್ದು ನೀರು ನಿಂತ ಕೆಲವೇ ದಿನಗಳಲ್ಲಿ ಅಲ್ಲಿನ ಮೊಟ್ಟೆಗಳು ಒಡೆಯುತ್ತವೆ. ಹೊರಬರುವುದೆಲ್ಲ ಹೆಣ್ಣೇ.