ಹಳೆಯ ಕಂಪ್ಯೂಟರಿನಿಂದ ಕಣಕ್ಕೆ ವೈಫೈ

ನಮ್ಮ ಅನೇಕ ತೋಟಗಳಲ್ಲಿ ಮನೆಯವರೆಗೆ ಇಂಟರ್‌ನೆಟ್ ಬಂದಿದೆ. ಆದರೆ ಅಂಗಳ ದಾಟಿ ಕಣಕ್ಕೆ ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಕಾಫಿ ಹರಡಿರುವಾಗ ಮೋಡ ಕವಿದರೆ ಹವಾಮಾನದ ಮುನ್ಸೂಚನೆ ನೋಡಲು ಮನೆಗೆ ಓಡಬೇಕು. ಅಡಿಕೆಯ ಧಾರಣೆ ವಿಚಾರಿಸಲೂ ಹಾಗೆಯೇ. ಕೆಲಸದವರಿಗೆ ಏಟು ಬಿದ್ದರೆ ಕರೆ ಮಾಡಲು ಗುಡ್ಡ ಹತ್ತಬೇಕು. ಕಣದ ಪಕ್ಕದ ಕೋಣೆಯಲ್ಲಿ ಹಾಜರಿ ಮತ್ತು ತೂಕದ ಲೆಕ್ಕಕ್ಕೆಂದು ಹಳೆಯ ಕಂಪ್ಯೂಟರೊಂದು ಇದ್ದರೆ, ಈ ತೊಂದರೆಯನ್ನು ಅದರಿಂದಲೇ ತಕ್ಕಮಟ್ಟಿಗೆ ನಿವಾರಿಸಬಹುದು.

ಆಕ್ಸೆಸ್ ಪಾಯಿಂಟ್ ಎಂದರೇನು?

ಪಂಪಿನಿಂದ ಕೊಳವೆಯಲ್ಲಿ ಬಂದ ನೀರನ್ನು ಸ್ಪ್ರಿಂಕ್ಲರ್ ಸುತ್ತಲೂ ಚಿಮುಕಿಸುವಂತೆ, ತಂತಿಯಲ್ಲಿ ಬಂದ ಇಂಟರ್‌ನೆಟ್ಟನ್ನು ರೇಡಿಯೋ ಅಲೆಗಳ ಮೂಲಕ ಸುತ್ತಲಿನ ಫೋನುಗಳಿಗೆ ಹಂಚುವ ಸಾಧನವೇ ಆಕ್ಸೆಸ್ ಪಾಯಿಂಟ್. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಬಳಸಲು ಭಾರತದಲ್ಲಿ 2005ರಿಂದ ಪ್ರತ್ಯೇಕ ಪರವಾನಗಿ ಬೇಕಿಲ್ಲ.

ಮೊದಲು ನೋಡಬೇಕಾದ್ದು

ಒಂದು: ಮನೆಯ ಮೋಡೆಮಿನಿಂದ ಕಣದ ಕೋಣೆಗೆ ನೆಟ್‌ವರ್ಕ್ ಕೇಬಲ್ ಎಳೆಯಬೇಕು. ತಾಮ್ರದ ಈ ಕೇಬಲ್ 100 ಮೀಟರಿಗಿಂತ ಉದ್ದವಿರಬಾರದು.

ಎರಡು: ಕಂಪ್ಯೂಟರಿನ ವೈಫೈ ಕಾರ್ಡು ಅಲೆಗಳನ್ನು ಹಿಡಿಯುವುದಷ್ಟೇ ಅಲ್ಲ, ಹಂಚಲೂ ಬಲ್ಲದ್ದಾಗಿರಬೇಕು. ಇದನ್ನು ‘ಎಪಿ ಮೋಡ್’ ಎನ್ನುತ್ತಾರೆ. ಹಳೆಯ ಕಾರ್ಡುಗಳಲ್ಲಿ ಕೆಲವಕ್ಕೆ ಈ ಗುಣವಿಲ್ಲ. ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಅಡಾಪ್ಟರ್ ಕೊಳ್ಳಬಹುದು. ಕೊಳ್ಳುವ ಮೊದಲು ‘ಲಿನಕ್ಸಿನಲ್ಲಿ ಎಪಿ ಮೋಡ್ ನಡೆಯುತ್ತದೆಯೇ?’ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಮೂರು: ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲೂ ಸಾಮಾನ್ಯ ಬೆಂಬಲ ನಿಂತಿತು. ಎಲ್ಲ ಫೋನುಗಳ ವ್ಯವಹಾರವೂ ಹಾದುಹೋಗುವ ಯಂತ್ರ ರಕ್ಷಣೆಯಿಲ್ಲದೆ ಇರುವುದು ಒಳ್ಳೆಯದಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ಲೇಸು. ಅದಕ್ಕೆ 64 ಬಿಟ್ಟಿನ ಯಂತ್ರ, ಕನಿಷ್ಠ 2 ಜಿಬಿ ಮೆಮೊರಿ (4 ಜಿಬಿ ಇದ್ದರೆ ಅನುಕೂಲ) ಮತ್ತು 20 ಜಿಬಿ ಡಿಸ್ಕ್ ಜಾಗ ಬೇಕು. ವಿಂಡೋಸಿಗಾಗಿಯೇ ಮಾಡಿದ ಲೆಕ್ಕದ ತಂತ್ರಾಂಶ ಇದರಲ್ಲಿ ನೇರವಾಗಿ ನಡೆಯದು. ಆದ್ದರಿಂದ ಹಳೆಯ ಲೆಕ್ಕಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡ ನಂತರವೇ ಕೈಹಾಕಿ.

ಮಾಡುವ ಕ್ರಮ

ಕೇಬಲ್ ಜೋಡಿಸಿ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಬರುವುದನ್ನು ನೋಡಿಕೊಳ್ಳಿ. ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು, ವೈಫೈ ವಿಭಾಗದಲ್ಲಿ ‘ಯೂಸ್ ಆ್ಯಸ್ ಹಾಟ್‌ಸ್ಪಾಟ್’ ಎಂಬುದನ್ನು ಒತ್ತಿ. ಫೋನುಗಳಿಗೆ ವಿಳಾಸ ಕೊಡುವ ಕೆಲಸವನ್ನು ಯಂತ್ರ ತಾನೇ ಮಾಡಿಕೊಳ್ಳುತ್ತದೆ.

ಬಳಿಕ ನೆಟ್‌ವರ್ಕ್ ಕನೆಕ್ಷನ್ಸ್ ಪಟ್ಟಿಯಲ್ಲಿ ‘ಹಾಟ್‌ಸ್ಪಾಟ್’ ತೆರೆದು ಎರಡು ಕೆಲಸ ಮಾಡಬೇಕು. ಭದ್ರತೆಯ ಜಾಗದಲ್ಲಿ ಡಬ್ಲ್ಯೂಪಿಎ2 ಆರಿಸಿ, ಊಹಿಸಲಾಗದ ಉದ್ದನೆಯ ಗುಪ್ತಪದ ಬರೆಯಿರಿ. ಅಲ್ಲಿ ಡಬ್ಲ್ಯೂಇಪಿ ಎಂದು ಕಂಡರೆ ಕಾರ್ಡಿಗೆ ಎಪಿ ಮೋಡ್ ಇಲ್ಲವೆಂಬ ಅನುಮಾನ ಪಡಿ. ಆ ಬೀಗವನ್ನು ಸುಲಭವಾಗಿ ಮುರಿಯಬಹುದೆಂದು 2001ರಲ್ಲೇ ಗೊತ್ತಾಗಿದೆ. ಎರಡನೆಯದಾಗಿ, ತಾನಾಗಿ ಸಂಪರ್ಕಗೊಳ್ಳುವ ಆಯ್ಕೆಗೆ ಗುರುತು ಹಾಕಿ. ಇಲ್ಲವಾದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಕೈಯಾರೆ ಚಾಲೂ ಮಾಡಬೇಕಾಗುತ್ತದೆ. ಕಂಪ್ಯೂಟರು ನಿದ್ರೆಗೆ ಜಾರದಂತೆಯೂ ವಿದ್ಯುತ್ ಸೆಟ್ಟಿಂಗಿನಲ್ಲಿ ಸರಿಪಡಿಸಿ.

ಎಲ್ಲಿ ಇಡಬೇಕು?

ತಗಡಿನ ಮಾಡು, ಕಬ್ಬಿಣದ ಬೀರು ಮತ್ತು ದಪ್ಪನೆಯ ಕಲ್ಲುಗೋಡೆ ಅಲೆಗಳನ್ನು ತಡೆಯುತ್ತವೆ. ನೀರು ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ಒದ್ದೆ ಎಲೆಗಳ ನಡುವೆ ಸಿಗ್ನಲ್ ಬೇಗ ಸೊರಗುತ್ತದೆ. ಕಣದ ಕಡೆಯ ಕಿಟಕಿಯ ಬಳಿ, ಎತ್ತರದಲ್ಲಿ ಅಡಾಪ್ಟರ್ ಇರಲಿ. ಕಣದವರೆಗೆ ಬಂದೀತು, ತೋಟದ ಒಳಗೆ ಬರುವುದೆಂದು ನಿರೀಕ್ಷಿಸಬೇಡಿ. ಹಳೆಯ ಕಾರ್ಡುಗಳು 2.4 ಗಿಗಾಹರ್ಟ್ಸಿನವು ಮಾತ್ರವೆಂದು ಚಿಂತಿಸಬೇಕಿಲ್ಲ. 5 ಗಿಗಾಹರ್ಟ್ಸಿಗಿಂತ ಇದೇ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ.

ಖರ್ಚಿನ ಲೆಕ್ಕ

80 ವಾಟ್ ಎಳೆಯುವ ಕಂಪ್ಯೂಟರು ಹಗಲಿರುಳು ಚಾಲೂ ಇದ್ದರೆ ತಿಂಗಳಿಗೆ ಸುಮಾರು 58 ಯೂನಿಟ್ ವಿದ್ಯುತ್ ಬೇಕು. 6 ವಾಟಿನ ಸಣ್ಣ ರೌಟರಿಗೆ ನಾಲ್ಕೂಕಾಲು ಯೂನಿಟ್ ಸಾಕು. ಹೀಗಾಗಿ, ಲೆಕ್ಕ ಬರೆಯಲು ಹೇಗೂ ಹಗಲೆಲ್ಲ ಚಾಲೂ ಇರುವ ಕಂಪ್ಯೂಟರಾದರೆ ಮಾತ್ರ ಈ ಏರ್ಪಾಡು ಲಾಭದಾಯಕ. ವೈಫೈಗೆಂದೇ ಯಂತ್ರ ಓಡಿಸುವುದಾದರೆ ರೌಟರ್ ಕೊಳ್ಳುವುದೇ ಮಿತವ್ಯಯ. ಹಳೆಯ ಲ್ಯಾಪ್‌ಟಾಪ್ ಇವೆರಡರ ನಡುವಿನದು. ಅದರ ಬ್ಯಾಟರಿ ಚೆನ್ನಾಗಿದ್ದರೆ ಕರೆಂಟು ಹೋದಾಗ ಅದು ನಿಲ್ಲುವುದಿಲ್ಲ. ಆದರೆ ಮೋಡೆಮಿಗೂ ಇನ್ವರ್ಟರ್ ಆಧಾರವಿರಬೇಕೆಂಬುದನ್ನು ಮರೆಯಬಾರದು.

ಎರಡು ಎಚ್ಚರಿಕೆಗಳು

ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ ಮತ್ತು ನೆಟ್‌ವರ್ಕ್ ಕೇಬಲ್ ಎರಡನ್ನೂ ಕಳಚಿ. ಫೈಬರಿನ ಗಾಜಿನೆಳೆಯಲ್ಲಿ ವಿದ್ಯುತ್ ಹರಿಯದು. ಅಂಗಳದಲ್ಲಿ ಎಳೆದ ತಾಮ್ರದ ಕೇಬಲಿನಲ್ಲಿ ಹರಿದು ಎರಡು ಕಡೆಯ ಯಂತ್ರಗಳನ್ನೂ ಸುಟ್ಟೀತು. ಸಿಡಿಲು ಹತ್ತಿರವಾದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ.

ಗುಪ್ತಪದವನ್ನು ಗೋಡೆಯ ಮೇಲೆ ಬರೆದಿಡಬೇಡಿ. ಸಂಘದ ಹಣ, ಬ್ಯಾಂಕಿನ ವ್ಯವಹಾರ ಎಲ್ಲವೂ ಈಗ ಅದೇ ಫೋನಿನಲ್ಲಿ ನಡೆಯುತ್ತದೆ. ಕೊಯ್ಲು ಮುಗಿದು ಹೊರಗಿನವರು ಹೋದ ಮೇಲೆ ಗುಪ್ತಪದ ಬದಲಿಸುವುದನ್ನು ರೂಢಿ ಮಾಡಿಕೊಳ್ಳಿ.

ಕೊನೆಯದಾಗಿ, ಭಾರತದಲ್ಲಿ 2019ರ ಡಿಸೆಂಬರಿನಿಂದ ಬಂದಿರುವ ‘ವೈಫೈ ಕಾಲಿಂಗ್’ ಸೌಲಭ್ಯ ನಿಮ್ಮ ಫೋನಿನಲ್ಲಿಯೂ ಸಿಮ್‌ನಲ್ಲಿಯೂ ಇದೆಯೇ ಎಂದು ವಿಚಾರಿಸಿ. ಇದ್ದರೆ ಅದನ್ನು ಚಾಲೂ ಮಾಡಿ, ಕಣದಲ್ಲಿ ನಿಂತು ಒಮ್ಮೆ ಮನೆಗೆ ಕರೆ ಮಾಡಿ ಪರೀಕ್ಷಿಸಿ. ಅಲ್ಲಿಂದ ಕರೆ ಹೋಗುತ್ತದೆಯೋ ಇಲ್ಲವೋ ಎಂಬುದು ಅವಘಡ ನಡೆದ ದಿನ ತಿಳಿಯುವಂತಾಗಬಾರದು.